ಹಣೆಯ ಹಿಂದಿನ ಜಾಗ

ಹೋದ ತಿಂಗಳು ನನ್ನ ಗಂಡನನ್ನು ರಾವೂರಿಗೆ ಒಯ್ದು ಅವರ ಅಪ್ಪನ ಹೊಲದಲ್ಲಿ ಮಣ್ಣು ಮಾಡಿದೆವು. ಬಹಳ ವರ್ಷಗಳ ಮೇಲೆ ನಾನು ಆ ಊರಿಗೆ ಕಾಲಿಟ್ಟದ್ದು. ಕುಣಿ ಮುಚ್ಚಿದ ಮೇಲೆ ಎಲ್ಲರೂ ಬದುವಿನ ಬೇವಿನ ಮರದ ಕೆಳಗೆ ಕೂತರು. ಗಂಡನ ಅಣ್ಣ, ನನ್ನ ಭಾವ ಬಸಣ್ಣ, ಈಗ ಕೋಲು ಹಿಡಿದು ನಡೆಯುವ ಮುದುಕ. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ಬಂದವರ ಮುಂದೆ ಹೇಳಿದ:

"ನನ್ನ ತಮ್ಮ ದೇವರಂಥ ಮನಷ್ಯಾ. ಜೀವಮಾನದಾಗ ಒಬ್ಬರಿಗೆ ಒಂದು ಕೆಟ್ಟ ಮಾತು ಅಂದಾಂವಲ್ಲ."

ಕೂತವರು ತಲೆಯಾಡಿಸಿದರು. ನಾನು ತಲೆಯಾಡಿಸಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನು ಆಡುವುದು ರೂಢಿ, ನನಗೂ ಗೊತ್ತು. ಆದರೆ ಇದು ಒಳ್ಳೆಯ ಮಾತಲ್ಲ. ನನ್ನ ಗಂಡ ಅಂದಿದ್ದರು. ಇದೇ ಹೊಲದಲ್ಲಿ, ಇದೇ ಬಸಣ್ಣನಿಗೇ ಅಂದಿದ್ದರು. ಅಂದದ್ದಕ್ಕೆ ನಮ್ಮನ್ನು ಮನೆ ಬಿಡಿಸಿದ್ದರು. ಆ ಮಾತನ್ನು ಅವರ ಜೊತೆಗೇ ಹೂತುಬಿಡಲು ನಾನು ಬಿಡುವುದಿಲ್ಲ. ಏಳನೆಯ ಇಯತ್ತೆ ತನಕ ಓದಿದ ಕೈ ನನ್ನದು. ಇಷ್ಟು ಬರೆಯಲು ಅದು ಸಾಕು.

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಮರುವರ್ಷ ಅದು. ಸಾಲಿಯ ಗೋಡೆಯ ಮೇಲೆ ಇನ್ನೂ ಮೈಸೂರು ರಾಜ್ಯ ಎಂದೇ ಇತ್ತು. ಆ ವರ್ಷ ಮಳೆ ಹಗೆ ಸಾಧಿಸಿದಂತೆ ಸುರಿಯಿತು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗಳೆಲ್ಲ ನೀರು ತುಂಬಿ, ದಸರೆಯ ತನಕ ಕಲ್ಲು ತೆಗೆಯುವ ಕೆಲಸ ನಿಂತಿತು. ಗಂಡಸರು ಮನೆಯಲ್ಲಿ ಕೂತು ಒಬ್ಬರನ್ನೊಬ್ಬರು ಕೆಣಕಿದರು. ಅತ್ತೆ ಆ ವರ್ಷದ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಮನೆಯಲ್ಲಿ ಭಾವ, ಅವನ ಹೆಂಡತಿ ಗುರಮ್ಮ, ನಾವಿಬ್ಬರು. ನಮಗೆ ಇನ್ನೂ ಮಕ್ಕಳಾಗಿರಲಿಲ್ಲ.

ನನ್ನ ಗಂಡ ಶರಣಪ್ಪ ಆಗ ಮಾತಿಲ್ಲದ ಮನುಷ್ಯ. ಆಡುವ ಒಂದು ಮಾತನ್ನೂ ಬಾಯೊಳಗೆ ಹೊರಳಿಸಿ ನೋಡಿ ಆಡುತ್ತಿದ್ದರು. ಬಡಿಸಿದ್ದನ್ನು ಉಣ್ಣುವರು, ಎದ್ದು ಹೋಗುವರು. ನಾನು ಅವರಿಗೆ ಬೇಕಾಗಿದ್ದೆನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೇಳುವ ರೂಢಿಯೂ ನಮ್ಮಲ್ಲಿರಲಿಲ್ಲ.

ಮಳೆ ನಿಂತು ಖಣಿಯ ನೀರು ಹೊರಗೆ ಹಾಕಿದ ಮೇಲೆ ಎಲ್ಲರಿಗೂ ಅವಸರ. ನನ್ನ ಗಂಡ ಕಲ್ಲಿನ ಪದರದ ಕೆಳಗೆ ಕಬ್ಬಿಣದ ಹಾರಿ ತೂರಿಸಿ ಫರ್ಸಿ ಎಬ್ಬಿಸುವಾಗ ಕಲ್ಲು ಜಾರಿತು. ಹಾರಿಯ ಇನ್ನೊಂದು ತುದಿ ಚಿಮ್ಮಿ ಅವರ ಹಣೆಗೆ ಬಡಿಯಿತು. ಅವರ ಟೋಳಿಯ ಮುಖ್ಯಸ್ಥ ಮೌಲಾಸಾಬ ತನ್ನ ರುಮಾಲಿನಿಂದಲೇ ತಲೆ ಕಟ್ಟಿ, ಕಲ್ಲಿನ ಲಾರಿಯಲ್ಲಿ ವಾಡಿಯ ಆಸ್ಪತ್ರೆಗೆ ಒಯ್ದ. ಮರುದಿನ ಎಚ್ಚರವಾಯಿತು. ಗಾಯ ಮಾಯ್ದು ಮನೆಗೆ ಬಂದಾಗ ಹುಬ್ಬಿನ ಮೇಲೆ ಹೆಬ್ಬೆರಳು ಕೂರುವಷ್ಟು ತಗ್ಗು ಉಳಿದಿತ್ತು. ಅಷ್ಟೇ ಅಂದುಕೊಂಡೆವು.

ಮನೆಗೆ ಬಂದ ದಿನವೇ ತಾಟು ಹಾರಿತು. ಗುರಮ್ಮ ಬ್ಯಾಳಿಗೆ ಬಳ್ಳೊಳ್ಳಿಯ ಒಗ್ಗರಣೆ ಹಾಕಿದ್ದಳು, ಓಣಿಯೆಲ್ಲ ಘಮಘಮ. ಅವರು ಒಂದು ತುತ್ತು ಬಾಯಿಗಿಟ್ಟು ಉಗುಳಿದರು.

"ಏನಿದು? ಮಣ್ಣು ಕುದಿಸೀರೇನು? ಬಳ್ಳೊಳ್ಳಿ ಹಾಕಾಕ ಕೈ ಬರಲಿಲ್ಲೇನು?"

"ಅಯ್ಯ, ಮೂಗು ಅದ ಇಲ್ಲ ನಿಮಗ? ಮನಿ ತುಂಬ ವಾಸನಿ ಹೊಡೀಲಿಕತ್ತದ!" ಎಂದಳು ಗುರಮ್ಮ.

"ನಿನ್ನ ಅಡಿಗಿ ನಾಯಿಗಿ ಹಾಕು. ಅದೂ ತಿನ್ನೂದಿಲ್ಲ."

ಗುರಮ್ಮ ಸೆರಗು ಬಾಯಿಗಿಟ್ಟು ಒಳಗೆ ಹೋದಳು. ಆ ದಿನದಿಂದ ಆಕೆ ನಮಗೆ ವೈರಿ.

ನನ್ನ ಗಂಡನ ಬಾಯಿ ನಿಲ್ಲಲೇ ಇಲ್ಲ. ಮನೆಗೆ ಬಂದ ಬೀಗರಿಗೆ, ನೀವು ಉಣ್ಣಲಿಕ್ಕೇ ಬರುತ್ತೀರಿ ಎಂದರು. ಯಾರದೋ ಮಣ್ಣಿಗೆ ಹೋಗಿ ಅಳುವವರ ಮುಖ ನೋಡಿ ನಕ್ಕರು. ಒಂದು ದಿನ ನಾನು ಬೋರಿಂಗಿನ ಹತ್ತಿರ ಕೊಡ ತುಂಬುತ್ತಿದ್ದೆ, ಓಣಿಯ ಹೆಂಗಸರೆಲ್ಲ ಇದ್ದರು. ದಾರಿಯಲ್ಲಿ ಹೋಗುತ್ತಿದ್ದ ನನ್ನ ಗಂಡ ನಿಂತು, ನನ್ನನ್ನು ಕೈಮಾಡಿ ತೋರಿಸಿದರು.

"ನನಗ ಸೇಡಂ ಹುಡುಗಿ ಬೇಕಿತ್ತು. ಅವ್ವ ಹಟ ಹಿಡಿದು ಇಕಿನ್ನ ಗಂಟು ಹಾಕಿದ್ಲು. ಇಕಿ ಮಾರಿ ನೋಡಕೋತ ಕುಂತ್ರ ನನಗ ಕೂಳು ಇಳಿಯೂದಿಲ್ಲ."

ಹೆಂಗಸರು ಮುಖ ತಿರುಗಿಸಿ ನಕ್ಕರು. ಒಬ್ಬಳು, "ಕಾಶಮ್ಮ, ಕೊಡ ತುಂಬಿ ಚೆಲ್ಲಾಕತ್ತದ ನೋಡಬೇ" ಎಂದಳು. ನಾನು ಕೊಡ ಎತ್ತಿಕೊಂಡು ಬಂದೆ. ಆ ದಿನ ಅವರ ಸಾವು ಬಯಸಿದೆನೆಂದರೆ ಅದು ಹೆಚ್ಚಿನ ಮಾತಲ್ಲ.

ತಲೆಗೆ ಪೆಟ್ಟು ಬಿದ್ದವನು, ಪಾಪ, ಎನ್ನುವವರು ಯಾರೂ ಇರಲಿಲ್ಲವೇ? ಇರಲಿಲ್ಲ. ಅದಕ್ಕೆ ಕಾರಣ ಖಣಿಯ ಒಂದು ಪದ್ಧತಿ. ತಲೆಗೆ ಪೆಟ್ಟು ತಿಂದವನನ್ನು ಮತ್ತೆ ಕೆಳಗೆ ಇಳಿಸುವ ಮೊದಲು, ಟೋಳಿಯ ಎಲ್ಲರ ಮುಂದೆ ಒಂದು ಫರ್ಸಿ ಸೀಳಿ ತೋರಿಸಬೇಕು. ಸೀಳು ನೆಟ್ಟಗೆ ಹೋದರೆ ತಲೆ ನೆಟ್ಟಗಿದೆ ಎಂದು ಲೆಕ್ಕ. ನನ್ನ ಗಂಡ ಉಳಿ ಹಿಡಿದು ಕೂತರು. ಅಂಚಿನಲ್ಲಿ ಟಕ್ ಟಕ್ ಎಂದು ಸುತ್ತಿಗೆ ಆಡಿಸಿದರು. ಆಳೆತ್ತರದ ಕಲ್ಲು ಹಾಳೆಯಂತೆ ಎರಡಾಯಿತು, ಎಲ್ಲಿಯೂ ಒಂದು ಚೂರು ಹಾರಲಿಲ್ಲ. ನೋಡಿದವರು ಸಿಳ್ಳೆ ಹಾಕಿದರಂತೆ. ಸಂಜೆಗೆ ಊರೆಲ್ಲ ಒಂದೇ ಮಾತು: "ಶರಣ್ಯಾನ ತಲಿ ಮದಲಿನಕಿಂತ ನೆಟ್ಟಗದ." ತಲೆ ನೆಟ್ಟಗಿದೆ ಎಂದ ಮೇಲೆ ಬಾಯಿಯ ಕೊಳಕು ಸೊಕ್ಕೇ ಆಯಿತು. ಕಲ್ಲು ಸೀಳುವವರು ಮನುಷ್ಯನ ತಲೆಯನ್ನು ಕಲ್ಲಿನಿಂದಲೇ ಪರೀಕ್ಷೆ ಮಾಡಿದರು. ನಾವೆಲ್ಲ ನಂಬಿದೆವು, ನಾನೂ ನಂಬಿದೆ.

ಹಾಗೆ ಎಳ್ಳಮವಾಸ್ಯೆ ಬಂತು. ನಮ್ಮ ಕಡೆ ಆ ದಿನ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಕಟ್ಟಿಕೊಂಡು, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಬೀಗರು ನೆಂಟರೆಲ್ಲ ಒಟ್ಟಿಗೆ ಉಣ್ಣುವುದು. ಜೋಳ ಎದೆಯೆತ್ತರ ನಿಂತಿತ್ತು, ತಣ್ಣನೆಯ ಗಾಳಿ. ತೀರಿಕೊಂಡ ಅತ್ತೆಯ ಹೆಸರಿನಲ್ಲಿ ಭಾವ ಎಡೆ ಮಾಡಿ ಕೈಮುಗಿದ. "ನಮ್ಮವ್ವಗ ಕಡೀ ನೀರು ಹಾಕಿದ ಕೈ ಇದು" ಎಂದು ಬಲಗೈ ಎತ್ತಿದ. ಈ ಮಾತನ್ನು ಅವನು ಎಲ್ಲ ಕಡೆ ಹೇಳುತ್ತಿದ್ದ. ತಾಯಿಯ ಸೇವೆ ಮಾಡಿದ ಮಗನೆಂದು ಊರಿನಲ್ಲಿ ಅವನಿಗೆ ಅದರಿಂದಲೇ ಮರ್ಯಾದೆ.

ನನ್ನ ಗಂಡ ಭಜ್ಜಿ ಮೆಲ್ಲುತ್ತಲೇ ಹೇಳಿದರು: "ನೀ ಎಲ್ಲಿ ಹಾಕೀದಿ? ಅವ್ವ ಬಸಣ್ಣಾ ಬಸಣ್ಣಾ ಅನ್ನಾಕತ್ತಿದ್ಲು. ನೀ ಕಟ್ಟಿ ಮ್ಯಾಲ ಇಸ್ಪೀಟ ಆಡಾಕತ್ತಿದ್ದಿ. ನಾ ಬಂದು ಕರದ್ರ, ಈ ಆಟ ಮುಗೀಲಿ ಅಂದಿ. ಆಟ ಮುಗಿಯೂದ್ರಾಗ ಅವ್ವ ಮುಗದ್ಲು. ಆಮ್ಯಾಲ ಬಂದು ಸತ್ತ ಬಾಯಾಗ ನೀರು ಹೊಯ್ದಿ."

ಯಾರೂ ತುತ್ತು ಎತ್ತಲಿಲ್ಲ. ಭಾವನ ಮುಖ ಕಲ್ಲಿನ ಪುಡಿಯಂತಾಯಿತು. ನನ್ನ ಗಂಡ ಇನ್ನೊಂದು ಕಡುಬು ತೆಗೆದುಕೊಂಡರು.

ಅಂದಿನಿಂದ ಮನೆಯಲ್ಲಿ ನಮ್ಮೊಡನೆ ಮಾತು ಬಂದ್. ಒಲೆಯ ಕೆಂಡ ಕೇಳಿದರೆ ಗುರಮ್ಮ ನೀರು ಸುರಿದು ಆರಿಸುವಳು. ಓಣಿಯವರು ನಮ್ಮ ಬಾಗಿಲು ದಾಟುವಾಗ ಉಗುಳಿ ಹೋಗುವರು. ಊರಿನ ಹಿರಿಯ ಶಾಂತಪ್ಪ ಮುತ್ತ್ಯಾ ಬಂದು ಕಟ್ಟೆಯ ಮೇಲೆ ಕೂತು ತೀರ್ಪು ಹೇಳಿದ. ಶರಣಪ್ಪ ಅಣ್ಣನ ಕಾಲಿಗೆ ರುಮಾಲಿಟ್ಟು, ನಾನು ಸುಳ್ಳಾಡಿದೆ ಎನ್ನಬೇಕು. ಇಲ್ಲದಿದ್ದರೆ ಗಂಡ ಹೆಂಡತಿ ಮನೆ ಬಿಡಬೇಕು. ಮುಂದಿನ ಸೋಮವಾರ ಎಲ್ಲರೂ ಸೇರುವುದೆಂದು ಆಯಿತು.

ಅಷ್ಟರಲ್ಲಿ ಮೌಲಾಸಾಬ ಮನೆಗೆ ಬಂದ. ಹೊರಗೇ ನಿಂತ.

"ತಂಗೀ, ನಾ ಫರ್ಸಿ ಸೀಳಿಸಿ ನೋಡೀನಿ. ಕೈ ಅಂವಂದೇ ಅದ. ಆದ್ರ ಖಣ್ಯಾಗ ಬಿರಕು ಬಿಟ್ಟ ಕಲ್ಲಿನ ಬುಡಕ ಕುಂತು ರೊಟ್ಟಿ ತಿಂತಾನ. ಏಳೋ ಅಂದ್ರ ನಗತಾನ. ಕಲ್ಲಿಗಿ ಹುಟ್ಟಿದ ಮನಷ್ಯಾ ಕಲ್ಲಿಗಿ ಅಂಜೂದಿಲ್ಲ ಅಂದ್ರ ಏನೋ ಗಡಬಡ ಅದ. ಗುಲಬರ್ಗಾಕ್ಕ ದೊಡ್ಡ ಡಾಕ್ಟರ ಹಂತ್ಯಾಕ ಹೋಗಮು."

ನಾವು ಮೂವರೂ ಹೋದೆವು. ಡಾಕ್ಟರು ಮೈಸೂರು ಕಡೆಯವರು. ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ಮಾತು ಯಾವುದೂ ಅವರಿಗೆ ಸೇರದೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಪೆಟ್ಟು ಬಿದ್ದದ್ದು ದಸರಾದಲ್ಲಿ, ಬರೋದು ಈಗಲಾ? ಇಷ್ಟು ದಿನ ಏನ್ ಮಾಡ್ತಿದ್ರಿ, ದೆವ್ವ ಬಿಡಿಸ್ತಿದ್ರಾ?"

"ಇಲ್ರಿ. ಬೈಸಿಕೊಳ್ಳಾಕತ್ತಿದ್ವಿ" ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಬೈಯಲಿಲ್ಲ. ನನ್ನ ಗಂಡನನ್ನು ನೆಟ್ಟಗೆ ನಡೆಸಿದರು, ಬೆರಳಿನಿಂದ ಮೂಗು ಮುಟ್ಟಿಸಿದರು, ಕಣ್ಣ ಪಕ್ಕದಲ್ಲಿ ಬೆರಳಾಡಿಸಿ ಕಾಣುತ್ತದೆಯೇ ಎಂದು ಕೇಳಿದರು. ಊರು, ಹೊಲ, ಖಣಿ, ಮದುವೆ, ತಾಯಿ ಎಲ್ಲವನ್ನೂ ವಿಚಾರಿಸಿದರು. ತಾಯಿ ಹೇಗೆ ತೀರಿಕೊಂಡರೆಂದು ಕೇಳಿದಾಗ, ಹೊಲದಲ್ಲಿ ಹೇಳಿದ್ದನ್ನೇ, ಅದೇ ಕ್ರಮದಲ್ಲಿ, ಒಂದು ಮಾತು ಹೆಚ್ಚಿಲ್ಲ ಕಡಿಮೆಯಿಲ್ಲ, ಹೇಳಿದರು. ನೆಲ ನೋಡುತ್ತಿದ್ದ ಮೌಲಾಸಾಬ, "ಹೌದ್ರಿ ಸಾಬ್. ಆ ಕಟ್ಟಿ ಮ್ಯಾಲ ನಾನೂ ಕುಂತಿದ್ದೆ" ಎಂದ. ನನಗೆ ಅದು ಆಗಲೇ ಗೊತ್ತಾದದ್ದು.

ಕೊನೆಗೆ ಡಾಕ್ಟರು ನನ್ನ ಗಂಡನ ಕಣ್ಣು ಮುಚ್ಚಿಸಿ ಮೂಗಿನ ಕೆಳಗೆ ಕಾಫಿ ಪುಡಿ ಹಿಡಿದರು. ಆಮೇಲೆ ಸೋಪು, ಲವಂಗ.

"ಏನಿದು?"

"ಏನೂ ಇಲ್ಲ. ಬರೇ ಗಾಳಿ."

ಡಾಕ್ಟರು ನನ್ನನ್ನು ಹತ್ತಿರ ಕರೆದು, ನನ್ನ ಗಂಡನ ತಲೆಯ ಮೇಲೆಯೇ ಬೆರಳಿಟ್ಟು ಹೇಳಿದರು. ಅವತ್ತು ಕೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ.

"ತಲೆ ಒಳಗೆ ಇರೋದೆಲ್ಲ ಒಂದೇ ಕೆಲಸ ಮಾಡೋಲ್ಲಮ್ಮ. ಇಲ್ಲಿ ಹಿಂಭಾಗ, ಕಣ್ಣು ತಂದದ್ದನ್ನ ನೋಡೋದು ಇದು. ಕಿವಿಯ ಹತ್ತಿರ ಈ ಪಕ್ಕ, ಕೇಳಿದ ಮಾತು ತಿಳಿಯೋದು. ಅದರ ಒಳಗಡೆ ನೆನಪು. ನೆತ್ತಿಯಿಂದ ಇಳಿಯೋ ಈ ಪಟ್ಟಿ ಕೈಕಾಲು ಆಡಿಸುತ್ತೆ, ಎಡಗಡೇದು ಬಲಗೈನ, ಬಲಗಡೇದು ಎಡಗೈನ. ಕೆಳಗೆ, ಕುತ್ತಿಗೆ ಮೇಲೆ, ಚಿಕ್ಕ ಮೆದುಳು. ನಡೆಯೋವಾಗ ತೂಕ ತಪ್ಪದಂತೆ, ಕಲಿತ ಕೈ ಹದ ತಪ್ಪದಂತೆ ಅದು ಕಾಯುತ್ತೆ. ಅದರ ಮುಂದೆ ಕಾಂಡ ಅಂತ ಇದೆ. ಉಸಿರು, ಎದೆ ಬಡಿತ ಅದರ ಕೈಲಿ. ಅದಕ್ಕೆ ಪೆಟ್ಟು ಬಿದ್ದಿದ್ರೆ ಈತ ಇಲ್ಲಿಗೆ ಬರ್ತಾನೇ ಇರ್ಲಿಲ್ಲ."

ಬೆರಳು ಹಣೆಯ ತಗ್ಗಿಗೆ ಬಂತು.

"ಇಲ್ಲಿ, ಹಣೆಯ ಹಿಂದೆ, ತಡೆಯೋ ಜಾಗ. ಕೆಟ್ಟ ಮಾತು ಎಲ್ಲರ ಬಾಯಿಗೂ ಬರುತ್ತೆ. ನನಗೂ ಬರುತ್ತೆ, ಬೆಳಿಗ್ಗೆಯಿಂದ ಬರ್ತಾ ಇದೆ. ಇದು ಬೇಡ ಅನ್ನುತ್ತೆ, ನುಂಗ್ತೀವಿ. ಅಪಾಯ ಯಾವುದು, ನಾಚಿಕೆ ಯಾವುದು ಅಂತ ತೂಗೋದೂ ಇದೇ. ಇದರ ಬುಡದಲ್ಲೇ ವಾಸನೆಯ ನರ ಹೋಗುತ್ತೆ. ಅದು ಹರಿದಿರೋ ಹಾಗಿದೆ. ಹಾಗಾಗಿ ಮೇಲಿನದಕ್ಕೂ ಪೆಟ್ಟು ತಗುಲಿದೆ ಅಂತಲೇ ನನ್ನ ಅಂದಾಜು. ಇದು ಗಾಯ. ಸೊಕ್ಕಲ್ಲ."

"ಮಾಯ್ತದೇನ್ರಿ?"

"ಸ್ವಲ್ಪ ಮಟ್ಟಿಗೆ. ಮೊದಲಿನ ಮನುಷ್ಯ ಬರೋದಿಲ್ಲ."

"ಅವರು ಅನ್ನೂದೆಲ್ಲ... ಹುಚ್ಚರಂಗ ಏನರ..."

"ನೆನಪು ಸರಿಯಾಗೇ ಇದೆ. ನಿಮ್ಮ ಮುಂದೇನೇ ಕೇಳಿದ್ನಲ್ಲ. ಒಡೆದಿರೋದು ಬಾಗಿಲು, ಒಳಗಿನ ಸಾಮಾನಲ್ಲ."

ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ಗಂಡ ಕಿಟಕಿಯ ಕಡೆ ಕೂತು, ಹತ್ತುವವರನ್ನೂ ಇಳಿಯುವವರನ್ನೂ ಬೈಯುತ್ತಿದ್ದರು. ಗಾಯವೆಂದು ಕೇಳಿದಾಗ ಎದೆಯಿಂದ ಕಲ್ಲು ಇಳಿದಿತ್ತು. ಚಿತ್ತಾಪುರದ ರಸ್ತೆಗೆ ಬರುವಷ್ಟರಲ್ಲಿ ಅದು ಮತ್ತೆ ಬಂದು ಕೂತಿತು. ಒಳಗಿನ ಸಾಮಾನು ಸರಿ ಇದ್ದರೆ ಸೇಡಂ ಹುಡುಗಿಯೂ ಅಲ್ಲಿಯೇ ಇದ್ದಾಳೆ. ಆ ಹಾರಿ ಇನ್ನು ಸ್ವಲ್ಪ ಪಕ್ಕಕ್ಕೆ ಬಡಿದು, ನೆನಪು ಒಡೆದು, ಬಾಗಿಲು ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಹೆಂಡತಿಯಾದವಳು ಹಾಗೆ ಯೋಚಿಸಬಾರದೆಂದು ಹೇಳುವವರು ಆ ಸೀಟಿನಲ್ಲಿ ಕೂತು ನೋಡಲಿ.

ಸೋಮವಾರ ಎಲ್ಲರೂ ಸೇರಿದರು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬಾಗಿಲ ಹಿಂದೆ. ನನ್ನ ಗಂಡ ಅಂಗಳದ ನಡುವೆ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದರು. ಶಾಂತಪ್ಪ ಮುತ್ತ್ಯಾ ಶುರುಮಾಡುವ ಮೊದಲೇ ನಾನು ಬಾಗಿಲು ದಾಟಿ ಮುಂದೆ ಬಂದು, ಡಾಕ್ಟರು ಹೇಳಿದ್ದನ್ನು ಹೇಳಿದೆ. ಕೈಯ ಜಾಗ ಬೇರೆ, ನಾಚಿಕೆಯ ಜಾಗ ಬೇರೆ. ಫರ್ಸಿ ಸೀಳಿದ್ದು ಹಿಂದಿನ ತಲೆ, ಒಡೆದದ್ದು ಮುಂದಿನದು.

ಮೊದಲು ನಕ್ಕರು. "ನಾಚಿಕಿ ಹಣ್ಯಾಗ ಇರತದಂತೋ! ಹಂಗಾರ ನಿನ್ನ ಹಣಿ ಎಲ್ಲಿ ಇಟ್ಟು ಬಂದೀದಿ ತಂಗಿ, ಗಂಡಸರ ನಡುವ ಬಂದು ನಿಂತೀದಿ?" ಎಂದ ಮುತ್ತ್ಯಾ.

ಮೌಲಾಸಾಬ ಎದ್ದು, "ಖರೆ ಅದರಿ. ನಾನೂ ಕೇಳೀನಿ" ಎಂದ. ನಗು ನಿಂತಿತು. ಆಗ ಭಾವನ ಮುಖದಲ್ಲಿ ಏನೋ ಬೆಳಗಿತು. ಅದನ್ನು ನಾನು ನೋಡಿದೆ.

"ಹಂಗಂದ್ರ ಮಾತು ಮುಗೀತಲಾ" ಎಂದ. "ನನ್ನ ತಮ್ಮನ ತಲಿ ಒಡದದ. ಪಾಪ. ತಲಿ ಒಡದಾಂವ ಏನಂದ್ರೇನು? ಹೊಲದಾಗ ಅಂದಿದ್ದು ಎಲ್ಲ ಸುಳ್ಳ. ನಾ ಮಾಫ ಮಾಡೀನಿ. ಇಲ್ಲೇ ಮೂಲ್ಯಾಗ ಬಿದ್ದಿರಲಿ, ನಾವು ಉಂಡದ್ರಾಗ ಎರಡು ರೊಟ್ಟಿ ಹಾಕ್ತೀವಿ."

ಎಲ್ಲರೂ ಹೌದು ಹೌದು ಎಂದರು. ಬಸಣ್ಣನ ದೊಡ್ಡ ಮನಸ್ಸು ಎಂದರು. ನಾನು ಸುಮ್ಮನಿದ್ದರೆ ಸಾಕಿತ್ತು. ಮನೆ ಉಳಿಯುತ್ತಿತ್ತು, ಒಲೆ ಉಳಿಯುತ್ತಿತ್ತು, ಗಂಡ ಹುಚ್ಚನೆನಿಸಿ ಮೂಲೆಯಲ್ಲಿ ಬದುಕುತ್ತಿದ್ದರು. ಬೋರಿಂಗಿನ ಮುಂದೆ ಅಂದದ್ದೂ ಹುಚ್ಚನ ಮಾತಾಗಿ ಹೋಗುತ್ತಿತ್ತು. ನನಗೆ ಅದಕ್ಕಿಂತ ಲಾಭದ್ದು ಬೇರೆ ಇರಲಿಲ್ಲ.

ಆದರೆ ಅತ್ತೆ ಕೂಗಿದ್ದು ಖರೆ. ನನ್ನ ಗಂಡ ಓಡಿ ಹೋಗಿ ಅಣ್ಣನನ್ನು ಕರೆದದ್ದು ಖರೆ. ಅವರ ತಲೆಯಲ್ಲಿ ನೆಟ್ಟಗೆ ಉಳಿದ ನೆನಪಿನ ಭಾಗವನ್ನೂ ಇವರು ಒಡೆಯಲು ಹೊರಟಿದ್ದರು.

"ಸುಳ್ಳಲ್ಲ ಭಾವ" ಎಂದೆ. "ತಡಿಯೂ ಜಾಗ ಒಡದದ. ನೆನಪಿನ ಜಾಗ ಒಡದಿಲ್ಲ. ಡಾಕ್ಟರು ಕೇಳಿ ನೋಡ್ಯಾರ. ಇವರು ಹೊಲದಾಗ ಅಂದಿದ್ದು ಅನ್ನಬಾರದಿತ್ತು. ಆದ್ರ ಖರೆ ಅದ."

ಬಾಗಿಲ ಹಿಂದಿನಿಂದ ಗುರಮ್ಮನ ದನಿ ಬಂತು, ಬೆಣ್ಣೆಯಂತೆ.

"ಹಂಗಾರ ಕಾಶಮ್ಮ, ಬೋರಿಂಗಿನ ಮುಂದ ನಿನಗ ಅಂದಿದ್ದೂ ಖರೆ ಏನು? ಸೇಡಂ ಹುಡುಗಿದು? ನಿನ್ನ ಮಾರಿ ನೋಡಿದ್ರ ಕೂಳು ಇಳಿಯೂದಿಲ್ಲ ಅಂದಿದ್ದು?"

ಹೆಂಗಸರು ಕಿಸಕ್ಕೆಂದರು. ಗಂಡಸರು ನನ್ನ ಮುಖ ನೋಡಿದರು. ನನ್ನ ಗಂಡನೂ ಶೇಂಗಾ ಬಿಟ್ಟು ನೋಡಿದರು.

"ಖರೆ" ಎಂದೆ. "ಅದೂ ಖರೆ."

ಭಾವ ಎದ್ದು ಒಳಗೆ ಹೋದ. ಶಾಂತಪ್ಪ ಮುತ್ತ್ಯಾ ರುಮಾಲು ಸುತ್ತಿಕೊಳ್ಳುತ್ತ, "ನಿನ್ನ ಮಾರಿ ನೀನೇ ಸುಟ್ಟುಕೊಂಡೆಲ್ಲಬೇ" ಎಂದ. ನಾವು ಅವತ್ತೇ ಹೊರಟೆವು. ಯಾರೂ ತಡೆಯಲಿಲ್ಲ. ಶಹಾಬಾದಿನಲ್ಲಿ ಕಲ್ಲು ಕೊರೆಯುವ ಕಡೆ ಮೌಲಾಸಾಬನ ಪರಿಚಯದವರಿದ್ದರು. ಅಲ್ಲಿ ಮೇಲಿಂದ ಬೀಳುವ ಕಲ್ಲಿರಲಿಲ್ಲ, ಕೂತು ಮಾಡುವ ಕೆಲಸ.

ವಾಡಿ ಸ್ಟೇಷನ್ನಿನಲ್ಲಿ ಗಾಡಿ ತಡವಾಗಿತ್ತು. ಸಿಮೆಂಟಿನ ಧೂಳಿನಲ್ಲಿ ಟ್ರಂಕಿನ ಮೇಲೆ ಕೂತಿದ್ದೆವು. ನಾನೇ ಕೇಳಿದೆ.

"ಸೇಡಂದ ಅಕಿ ಹೆಂಗಿದ್ಲು?"

"ಚಂದಿದ್ಲು. ಬೆಳ್ಳಗ. ನೀ ಕರ್ರಗ ಇದ್ದೀದಿ."

"ಹಂಗಾರ ಅಕಿ ಮನೀಗೇ ಹೋಗ್ರಿ. ಇಲ್ಲಿ ನನ್ನ ಟ್ರಂಕ ಮ್ಯಾಲ ಯಾಕ ಕುಂತೀರಿ?"

"ಅಕಿ ಲಗ್ನ ಆಗ್ಯಾದಲ್ಲ."

ನನಗೆ ತಡೆಯಲಾಗಲಿಲ್ಲ. ಅಷ್ಟು ತಿಂಗಳು ಊರಿನವರಿಂದ ನುಂಗಿದ್ದೆಲ್ಲ ಅವರ ಮೇಲೆ ಬಿತ್ತು. ನಿಮ್ಮಿಂದ ಮನೆ ಹೋಯಿತು, ಮಾನ ಹೋಯಿತು, ನಿಮ್ಮ ತಲೆಯ ಜೊತೆ ನನ್ನ ಹಣೆಬರಹವೂ ಒಡೆಯಿತು ಎಂದು, ಪ್ಲಾಟ್‌ಫಾರಂ ಎಲ್ಲ ಕೇಳುವಂತೆ ಕೂಗಾಡಿದೆ. ಗಂಡನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರೂ ಕೂಗಿದರು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಮುದುಕಿಗೆ ಸಹಿಸಲಾಗಲಿಲ್ಲ.

"ಏನ್ ಹೆಣ್ಮಗಳ ಇದ್ದೀದಿಯವ್ವಾ! ಕಟ್ಟಿಕೊಂಡ ಗಂಡಗ ಹಿಂಗಂತಾರೇನು?"

ನನ್ನ ಗಂಡ ಅವಳ ಕಡೆ ತಿರುಗಿದರು.

"ಅಕಿ ನನ್ನ ಹೆಣ್ತಿ. ಅಂತಾಳ. ನಿನ್ನ ಗಂಟೇನು ಹೋಗಾಕತ್ತದ ಮುದುಕಿ? ನಿನ್ನ ಬುಟ್ಟಿ ನೋಡಿಕೋ."

ಮುದುಕಿ ಬುಟ್ಟಿ ಎತ್ತಿಕೊಂಡು ದೂರ ಹೋದಳು. ಗಾಡಿ ಬಂತು. ನಾವು ಜಗಳ ಆಡುತ್ತಲೇ ಹತ್ತಿದೆವು.